ಲಿಯೂಗೆ ಒಂದು ಚಮಚ ಹೂಪುಡಿ

ಆರೋಗ್ಯ ಕೇಂದ್ರದ ತೂಕದ ಯಂತ್ರದ ಮೇಲೆ ಲಿಯೂ ನಿಂತಳು. ಮುಳ್ಳು ಸ್ವಲ್ಪ ಹೊತ್ತು ಆಚೀಚೆ ಓಲಾಡಿ ಮೂವತ್ತೇಳರ ಮೇಲೆ ನಿಂತಿತು. ಅವಳ ಗಂಡ ತಾಮ್ ಲುವಾ ಸೊಂಟ ಬಗ್ಗಿಸಿ, ಕಣ್ಣು ಕಿರಿದು ಮಾಡಿ ನೋಡಿದ. ಕನ್ನಡಕ ಹಾಕಿಕೊಂಡರೆ ಮುದುಕನಾದನೆಂದು ಜನ ತಿಳಿದಾರು ಎಂಬ ಬಿಗುಮಾನದಿಂದ ಅದನ್ನು ಮನೆಯಲ್ಲೇ ಬಿಟ್ಟು ಬಂದಿದ್ದ. ಅರವತ್ತಾರು ತುಂಬಿದವನನ್ನು ಜನ ಇನ್ನೇನೆಂದು ತಿಳಿಯಬೇಕಿತ್ತೋ ಅವನೇ ಹೇಳಬೇಕು.

“ಎಷ್ಟಮ್ಮಾ?” ಎಂದು ನರ್ಸನ್ನು ಕೇಳಿದ. ನರ್ಸ್ ಹಾನ್ ಬೇರೆ ಯಾರೂ ಅಲ್ಲ, ಲಿಯೂಳ ಅಕ್ಕನ ಮಗಳು.

“ಮೂವತ್ತೇಳು ಚಿಕ್ಕಪ್ಪ. ಹೋದ ಭಾನುವಾರಕ್ಕಿಂತ ಅರ್ಧ ಕೆಜಿ ಕಮ್ಮಿ.”

“ನಿಮ್ಮ ಯಂತ್ರ ಹಳೇದು.”

“ಯಂತ್ರ ನೆಟ್ಟಗಿದೆ. ಚಿಕ್ಕಮ್ಮ ಊಟ ಮಾಡ್ತಿಲ್ಲ.”

“ಮಾಡ್ತೀನಲ್ಲೇ,” ಎಂದಳು ಲಿಯೂ, ಚಪ್ಪಲಿ ಹುಡುಕುತ್ತ. “ಬೆಳಿಗ್ಗೆ ಗಂಜಿ ಕುಡಿದೆ.”

“ಎಷ್ಟು?”

“ಲೆಕ್ಕ ಇಟ್ಟಿಲ್ಲ.”

ಮಳೆಗಾಲದ ಕೊನೆಯಲ್ಲಿ ಅವಳಿಗೆ ಜ್ವರ ಬಂದಿತ್ತು. ಹತ್ತು ದಿನ ಕಾಡಿ ಬಿಟ್ಟುಹೋಯಿತು. ಹೋಗುವಾಗ ಬಾಯಿರುಚಿಯನ್ನೂ ಕಟ್ಟಿಕೊಂಡು ಹೋಯಿತು. ರಕ್ತ ಪರೀಕ್ಷೆ ಮಾಡಿಸಿದ್ದಾಯಿತು, ಎದೆಯ ಫೋಟೋ ತೆಗೆಸಿದ್ದಾಯಿತು, ಎಲ್ಲ ಸರಿಯಾಗಿದೆ ಎಂದರು. ಸರಿಯಾಗಿದ್ದರೂ ಹೆಂಗಸು ಮಾತ್ರ ದಿನದಿಂದ ದಿನಕ್ಕೆ ಕರಗುತ್ತಿದ್ದಳು. ಹೊಸ ವರ್ಷದ ಹಬ್ಬಕ್ಕೆ ಹೊಲಿಸಿದ ಅಂಗಿ ಹಬ್ಬದ ಹೊತ್ತಿಗೆ ಮೈಮೇಲೆ ಜೋತಾಡತೊಡಗಿತ್ತು.

“ಮೂವತ್ತೈದಕ್ಕೆ ಇಳಿದ್ರೆ ನಾನು ಯಾರ ಮಾತೂ ಕೇಳಲ್ಲ,” ಎಂದಳು ಹಾನ್. “ಕಾ ಮಾವ್ ಪಟ್ಟಣದ ದೊಡ್ಡಾಸ್ಪತ್ರೆಗೆ ಕಳಿಸಿಬಿಡ್ತೀನಿ. ಅಲ್ಲಿ ಮೂಗಿನಿಂದ ಕೊಳವೆ ಇಳಿಸಿ ಊಟ ಕೊಡ್ತಾರೆ.”

ದೋಣಿಯಲ್ಲಿ ಮನೆಗೆ ಹಿಂದಿರುಗುವಾಗ ತಾಮ್ ಲುವಾ ಹೆಂಡತಿಯ ಮೂಗನ್ನೇ ನೋಡುತ್ತಿದ್ದ. ನಲವತ್ತೊಂದು ವರ್ಷ ಜೊತೆಗಿದ್ದೂ ಅದು ಅಷ್ಟು ಪುಟ್ಟ ಮೂಗು ಎಂದು ಅವನು ಗಮನಿಸಿರಲಿಲ್ಲ. ಅದರೊಳಗೆ ಕೊಳವೆ ಹೋಗುವುದನ್ನು ನೆನೆದು ತನ್ನ ಮೂಗನ್ನೇ ಮುಟ್ಟಿಕೊಂಡ.

ತಾಮ್ ಲುವಾ ಅಂದರೆ ನಮ್ಮ ಕಾಲುವೆಯ ಹನ್ನೊಂದು ಮನೆಗಳ ಜೇನು ತಂಡದ ಯಜಮಾನ. ಹೆಜ್ಜೇನಿನ ಮರ ಹುಡುಕಿಕೊಂಡು ಅಲೆಯುವುದು ಬೇರೆ ಊರಿನವರ ಪಾಡು. ಉ ಮಿನ್ ಕಾಡಿನಲ್ಲಿ ನಾವೇ ಜೇನಿಗೆ ಜಾಗ ಮಾಡಿ ಕರೆಯುತ್ತೇವೆ. ಜೌಗಿನಲ್ಲಿ ಬೆಳೆಯುವ, ಜೇನಿಗೆ ಇಷ್ಟವಾದ ಹೂಬಿಡುವ ತ್ರಾಮ್ ಮರಗಳ ನಡುವೆ ಎರಡು ಗೂಟ ನೆಡುವುದು, ಒಂದು ಎತ್ತರ, ಒಂದು ಗಿಡ್ಡ. ಅವುಗಳ ಮೇಲೆ ಓರೆಯಾಗಿ ಒಂದು ತೊಲೆ. ತೊಲೆಯ ಎತ್ತರದ ತುದಿಗೆ ಬೆಳಗಿನ ಬಿಸಿಲು ತಾಗುವಂತೆ ಮುಂದೆ ಒಂದಿಷ್ಟು ಬಯಲು. ಅಷ್ಟೇ ಕೆಲಸ. ಆ ಅಷ್ಟನ್ನು ಕಲಿಯಲು ಹತ್ತು ವರ್ಷ ಬೇಕು ಎಂಬುದು ಬೇರೆ ಮಾತು. ತೊಲೆ ಹಿಡಿಸಿದರೆ ಹೆಜ್ಜೇನು ತಾನಾಗಿ ಬಂದು ಎರಿ ಕಟ್ಟುತ್ತದೆ. ಬಿಸಿಲ ಕಡೆಯ ದಪ್ಪ ತಲೆಯಲ್ಲಿ ಜೇನುತುಪ್ಪ. ಅದರ ಪಕ್ಕಕ್ಕೆ ಅಂಗೈ ಅಗಲ ಹೂಪುಡಿಯ, ಅಂದರೆ ಹೂವಿನ ಪರಾಗದ, ಪಟ್ಟಿ. ಅದರಾಚೆ ಪೂರ್ತಿ ಮರಿ.

ತುಪ್ಪ ನಮಗೆ. ಹೂಪುಡಿ ಮರಿಗಳ ಅನ್ನ, ಅದಕ್ಕೆ ಕತ್ತಿ ತಾಗಿಸುವಂತಿಲ್ಲ. ತುಪ್ಪದ ತಲೆಯನ್ನಷ್ಟೇ ಕೊಯ್ದರೆ ಜೇನು ಇಪ್ಪತ್ತು ದಿನದಲ್ಲಿ ಮತ್ತೆ ತುಂಬಿಸುತ್ತದೆ. ಹೂಪುಡಿ ಕೊಯ್ದರೆ ಮರಿಗೆ ತಿನ್ನಿಸಲು ಏನೂ ಇಲ್ಲದೆ ತೊಲೆ ಬಿಟ್ಟು ಹೊರಟುಹೋಗುತ್ತದೆ, ಅದರ ಹಿಂದೆ ಅಕ್ಕಪಕ್ಕದ ತೊಲೆಗಳದ್ದೂ ಹೋದರೆ ಹೋಗಬಹುದು. ಹಾಗಾಗಿ ಹೂಪುಡಿ ಕೊಯ್ದವನ ಕತ್ತಿಯನ್ನು ಕಾಡಿನಮ್ಮನ ಗುಡಿಯ ಜಂತಿಗೆ ಕೆಂಪು ಬಟ್ಟೆ ಸುತ್ತಿ ತೂಗುಹಾಕುತ್ತಾರೆ. ಒಂದು ವರ್ಷ ಅವನು ಕಾಡಿಗೆ ಕಾಲಿಡುವಂತಿಲ್ಲ. ಎರಡನೇ ಸಲ ಸಿಕ್ಕಿಬಿದ್ದರೆ ಅವನ ಪಾಲಿನ ಕಾಡೇ ಇನ್ನೊಬ್ಬರ ಪಾಲಾಗುತ್ತದೆ.

ಈ ಕಟ್ಟಳೆಯನ್ನು ತಾಮ್ ಲುವಾನಷ್ಟು ತಲೆಯ ಮೇಲೆ ಹೊತ್ತು ತಿರುಗಿದವರು ಯಾರೂ ಇಲ್ಲ. ಎರಡು ವರ್ಷದ ಹಿಂದೆ ಬಾ ತೀನ್ ಪೇಟೆಯ ವ್ಯಾಪಾರಿಗೆ ಮಾರಲೆಂದು ತನ್ನದೇ ತೊಲೆಯಿಂದ ಹೂಪುಡಿ ಕೊಯ್ದಿದ್ದ. ಬಾ ತೀನನಿಗೆ ಕತ್ತಿ ಹಿಡಿಯಲು ಕಲಿಸಿದವನೇ ತಾಮ್ ಲುವಾ, ಲಿಯೂಳ ಕೈಯಡುಗೆ ತಿಂದೇ ಬೆಳೆದವನು ಅವನು. ಆದರೂ ಯಜಮಾನ ಕನಿಕರ ತೋರಿಸಲಿಲ್ಲ. ಅವನ ಕತ್ತಿಯನ್ನು ತಾನೇ ಕೈಯಾರೆ ತೂಗುಹಾಕಿದ. ಬಾ ತೀನ್ ಆ ವರ್ಷ ಏಡಿ ಹಿಡಿದು ಸಂಸಾರ ಸಾಗಿಸಿದ.

ತೂಕ ಮೂವತ್ತೇಳಾದ ಮರುದಿನ ತಾಮ್ ಲುವಾ ಪೇಟೆಗೆ ಹೋಗಿ ಒಂದು ಡಬ್ಬಿ ಹೂಪುಡಿ ತಂದ. ಎಲ್ಲೋ ದೂರದ ಕಾಫಿ ತೋಟಗಳ ಪೆಟ್ಟಿಗೆ ಜೇನಿನದು, ಹಳದಿ ಹಳದಿ ಕಾಳು. ಡಬ್ಬಿಯ ಮೇಲೆ ಅದರ ಗುಣಗಳನ್ನು ಅಚ್ಚು ಹಾಕಿದ್ದರು. ಕನ್ನಡಕ ಹಾಕಿಕೊಂಡು, ಮನೆಯಲ್ಲಿ ಹೆಂಡತಿ ಬಿಟ್ಟು ನೋಡುವವರು ಯಾರೂ ಇರಲಿಲ್ಲವಲ್ಲ, ಗಟ್ಟಿಯಾಗಿ ಓದಿದ.

“ರಕ್ತ ಹೆಚ್ಚುತ್ತೆ. ನಿದ್ದೆ ಬರುತ್ತೆ. ಮಂಡಿ ನೋವು ಹೋಗುತ್ತೆ. ಕೂದಲು ಕಪ್ಪಾಗುತ್ತೆ. ಕಣ್ಣಿಗೆ ಒಳ್ಳೇದು. ನೆನಪಿನ ಶಕ್ತಿ ಹೆಚ್ಚುತ್ತೆ. ಹಸಿವಾಗುತ್ತೆ. ನೋಡು ಇವಳೇ, ಹಸಿವಾಗುತ್ತಂತೆ!”

“ಇಷ್ಟೆಲ್ಲ ಮಾಡುತ್ತಲ್ಲ, ಬಟ್ಟೆ ಒಗೆಯುತ್ತೋ ಕೇಳಿ.”

“ತಮಾಷೆ ಬೇಡ. ನಮ್ಮಜ್ಜ ಹೇಳೋನು, ಒಬ್ಬ ಕಾಡಲ್ಲಿ ದಾರಿ ತಪ್ಪಿ ಒಂಬತ್ತು ದಿನ ಬರೀ ಹೂಪುಡಿ ತಿಂದು ಬದುಕಿ ಬಂದನಂತೆ.”

“ನಿಮ್ಮಜ್ಜ ಮೊಸಳೆ ಜೊತೆ ಇಸ್ಪೀಟಾಡಿದ್ದೆ ಅಂತಾನೂ ಹೇಳೋನು.”

ಆದರೂ ಗಂಡನ ಸಂತೋಷಕ್ಕೆ ನಾಲ್ಕು ಕಾಳು ಬಾಯಿಗೆ ಹಾಕಿಕೊಂಡಳು. ಮುಖ ಹಿಂಡಿ, ನೆಲದ ಹಲಗೆಯ ಸಂದಿಯಿಂದ ಕೆಳಗೆ ಉಗಿದಳು. ಕೆಳಗಿದ್ದ ಬಾತುಗಳು ಓಡಿಬಂದು ನೋಡಿ, ಮೂಸಿ, ಹಿಂದಿರುಗಿದವು.

“ಹಳೇ ಹಿಟ್ಟಿನ ವಾಸನೆ,” ಎಂದಳು. “ಬಾತೂ ಬೇಡ ಅಂತು.”

ತಾಮ್ ಲುವಾ ತಾನೂ ಒಂದು ಕಾಳು ತಿಂದು ನೋಡಿದ. ಅವಳು ಹೇಳಿದ್ದು ಸುಳ್ಳಲ್ಲ. ಹುಟ್ಟಿದಾಗಿನಿಂದ ಕಾಡಿನ ಎರಿ ನೆಕ್ಕಿ ಬೆಳೆದ ನಾಲಿಗೆಗೆ ಡಬ್ಬಿಯ ಸಾಮಾನು ಹಿಡಿಸುವುದಾದರೂ ಹೇಗೆ? ಬೇಕಾಗಿರುವುದು ಉ ಮಿನ್‌ನ ಹೂಪುಡಿ, ಅಂದಂದಿನದು, ತೇವ ಆರದ್ದು. ಅದು ಎಲ್ಲಿದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರು? ತನ್ನ ಏಳು ತೊಲೆಗಳಲ್ಲೂ ಅಂಗೈ ಅಗಲ ಇತ್ತು.

ಎರಡು ದಿನ ಅವನು ಎಂದಿನಂತೆ ತುಪ್ಪವನ್ನಷ್ಟೇ ಕೊಯ್ದ. ಮೂರನೇ ದಿನ ಬೆಳಿಗ್ಗೆ, ಬೇರೆಯವರು ತಮ್ಮ ತಮ್ಮ ತೊಲೆಗಳ ಕಡೆ ಹೋದ ಮೇಲೆ, ತೆಂಗಿನ ನಾರಿನ ಪಂಜು ಹೊತ್ತಿಸಿ ಹೊಗೆ ಹಾಕಿದ. ಹೆಜ್ಜೇನು ಸರಿದು ಎರಿ ಬೆತ್ತಲಾಯಿತು. ತುಪ್ಪದ ತಲೆ ಕೊಯ್ದು ಬುಟ್ಟಿಗಿಟ್ಟ. ಕತ್ತಿ ಅಲ್ಲಿಗೆ ನಿಲ್ಲಬೇಕಿತ್ತು. ಐವತ್ತು ವರ್ಷ ಅಲ್ಲಿಗೇ ನಿಂತಿದ್ದ ಕೈ ಅದು.

“ಒಂದೇ ಒಂದು ಸಲ,” ಎಂದು ಜೇನಿಗೆ ಹೇಳಿದ. “ಮನೇಲಿ ಕಷ್ಟ ಇದೆ.”

ಮೂರು ಬೆರಳಗಲ ಕೊಯ್ದು ಬಾಳೆಲೆಯಲ್ಲಿ ಸುತ್ತಿ ಅಂಗಿಯೊಳಗೆ ಇಟ್ಟುಕೊಂಡ. ಕಳ್ಳನ ಹಾಗೆ ಅತ್ತಿತ್ತ ನೋಡಿದ. ಕಾಡಿನಲ್ಲಿ ಯಾರಿಗೂ ಹೆದರದ ಮನುಷ್ಯ ಅಂದು ಒಂದು ಕೊಕ್ಕರೆ ಹಾರಿದ್ದಕ್ಕೆ ಬೆಚ್ಚಿಬಿದ್ದ.

ಜೇನಿನ ಕಾಲದಲ್ಲಿ ತಂಡದವರು ಬೆಳಕು ಹರಿಯುವ ಮುಂಚೆ ಹೊರಟರೆ ಸಂಜೆಗೇ ಮನೆ. ಮಧ್ಯಾಹ್ನ ಕಾಡಿನ ಜೋಪಡಿಯಲ್ಲಿ ಎಲ್ಲರೂ ಕೂಡಿ ತಣ್ಣಗಿನ ಅನ್ನ, ಒಣಮೀನು ತಿಂದು ಹರಟೆ ಹೊಡೆಯುತ್ತಾರೆ. ಜೇನಿನ ಕಾಲ ಮುಗಿದರೆ ಮೀನಿನ ಬಲೆ, ಬಲೆ ಮುಗಿದರೆ ಹೊಸ ತೊಲೆ ನೆಡುವುದು. ತಾಮ್ ಲುವಾ ಮದುವೆಯಾದಾಗಿನಿಂದ ಮಧ್ಯಾಹ್ನದ ಊಟ ಮನೆಯಲ್ಲಿ ಮಾಡಿದ್ದು ಹಬ್ಬದ ದಿನಗಳಲ್ಲಿ ಮಾತ್ರ. ಆದರೆ ಆ ಎಲೆಯ ಪೊಟ್ಟಣ ಸಂಜೆಯ ತನಕ ಬೆವರಿನಲ್ಲಿ ನೆಂದರೆ ಕೆಡುವುದಿಲ್ಲವೇ? ಹೊಟ್ಟೆನೋವು ಎಂದು ನೆಪ ಹೇಳಿ ನಡುಹಗಲಿಗೇ ದೋಣಿ ತಿರುಗಿಸಿದ.

ಲಿಯೂ ಗಾಬರಿಯಾದಳು. “ಏನ್ರೀ, ಏನಾಯ್ತು? ಜೇನು ಕಡೀತಾ?”

“ಕಡಿಯೋಕೆ ನಾನೇನು ನಿನ್ನೆ ಮೊನ್ನೆಯವನಾ? ಬಾಯಿ ತೆಗಿ.”

“ಇದೆಲ್ಲಿಂದ?”

“ತುಪ್ಪದ ಜೊತೆ ಅಂಟಿಕೊಂಡು ಬಂದ ಚೂರು.”

ಅಂಟಿಕೊಂಡು ಬಂದ ಚೂರಿಗೆ ತಂಡದಲ್ಲಿ ಅಡ್ಡಿಯಿಲ್ಲ. ಲಿಯೂ ನಂಬಿದಳು. ಡಬ್ಬಿಯ ವಿಷಯ ತಿಳಿದಾಗ ಹಾನ್ ಹೇಳಿಕೊಟ್ಟಿದ್ದಂತೆ ಮೊದಲ ದಿನ ಒಂದು ಅಕ್ಕಿಕಾಳಿನಷ್ಟು ಕೊಟ್ಟು, ಮೈ ಕೆರೆತ, ಉಬ್ಬಸ ಏನಾದರೂ ಬರುತ್ತದೆಯೇ ಎಂದು ಸಂಜೆಯ ತನಕ ಕಾದ. ಬರಲಿಲ್ಲ. ಮರುದಿನದಿಂದ ಒಂದು ಚಮಚ. ಅದಕ್ಕೆ ಅರ್ಧ ಚಮಚ ಜೇನುತುಪ್ಪ ಕಲಸಿ, ಅವಳ ಎದುರು ಚಾಪೆ ಹಾಸಿ ಕುಳಿತ. ಎದ್ದು ಹೋದರೆ ಅವಳು ಅದನ್ನು ಬಾತುಗಳಿಗೆ ಉಗಿಯುತ್ತಾಳೆ ಎಂಬುದು ಅವನಿಗೆ ಖಾತ್ರಿಯಿತ್ತು.

“ಕಹಿ. ಹುಳಿ ಬೇರೆ,” ಎಂದಳು ಲಿಯೂ.

“ನುಂಗು.”

“ಒಂದೇ ಸಲ ಆಗಲ್ಲ. ಸ್ವಲ್ಪ ಸ್ವಲ್ಪವೇ ತಿಂತೀನಿ.”

“ತಿನ್ನು. ನಾನು ಇಲ್ಲೇ ಇರ್ತೀನಿ.”

ಅವಳು ಚಮಚದ ತುದಿಯಲ್ಲಿ ಒಂದಿಷ್ಟು ತೆಗೆದು ನಾಲಿಗೆಗಿಟ್ಟುಕೊಳ್ಳುವಳು, ಆಮೇಲೆ ಕಾಡಿನ ಸುದ್ದಿ ಕೇಳುವಳು. ಪಡುವಣ ದಂಡೆಯಲ್ಲಿ ತ್ರಾಮ್ ಹೂಬಿಟ್ಟಿತೇ? ತಂಡದ ಚಿನ್ ಲುಕ್‌ನ ದೋಣಿಯ ಮೋಟಾರು ಇನ್ನೂ ಕೆಮ್ಮುತ್ತದೆಯೇ? ನೀರುನಾಯಿ ಮತ್ತೆ ಕಂಡಿತೇ? ತಾಮ್ ಲುವಾ ಹೇಳುವನು. ಜೋಪಡಿಯ ಊಟ ತಪ್ಪಿಸಿ ಬಂದಿದ್ದರಿಂದ ಅವನ ಹೊಟ್ಟೆ ಚುರುಗುಟ್ಟುತ್ತಿತ್ತು, ತಾನೇ ಒಂದು ಬಟ್ಟಲು ಗಂಜಿ ಹಾಕಿಕೊಳ್ಳುವನು. ಗಡಿಗೆಯಲ್ಲಿ ಮೆಣಸು ಹಾಕಿ ಬೇಯಿಸಿದ ಕೊರವ ಮೀನು ಇರುತ್ತಿತ್ತು, ಜೊಂಡಿನ ಎಳೆದಂಟಿನ ಉಪ್ಪಿನಕಾಯಿ ಇರುತ್ತಿತ್ತು. ಅವನು ಸೊರ್ ಸೊರ್ ಎಂದು ಉಣ್ಣುವಾಗ ಲಿಯೂ, “ಮುಳ್ಳು ನೋಡ್ಕೊಂಡು ತಿನ್ನಿ,” ಎಂದು ಮೀನು ಬಿಡಿಸಿ ಕೊಡುವಳು, ಕೊಡುತ್ತ ಕೊಡುತ್ತ ಒಂದು ಚೂರು ತನ್ನ ಬಾಯಿಗೂ ಹಾಕಿಕೊಳ್ಳುವಳು. ಮೊದಲ ವಾರ ಎರಡು ಚೂರು. ಎರಡನೇ ವಾರ ಅವಳೂ ಒಂದು ಬಟ್ಟಲು ತಂದಿಟ್ಟುಕೊಂಡಳು.

ತೂಕ ಮೂವತ್ತೇಳೂವರೆ ಆಯಿತು. ಆಮೇಲೆ ಮೂವತ್ತೆಂಟು. ಆಮೇಲೆ ಮೂವತ್ತೊಂಬತ್ತು!

ತಾಮ್ ಲುವಾನ ಬಾಯಿಗೆ ಬೀಗವೇ ಇಲ್ಲದಂತಾಯಿತು. ದೋಣಿಕಟ್ಟೆಯಲ್ಲಿ, ಕಾಫಿ ಅಂಗಡಿಯಲ್ಲಿ, ಕಾಲುವೆಯ ಆಚೆ ದಡದಲ್ಲಿರುವ ಮಗಳ ಮನೆಯಲ್ಲಿ, ಎಲ್ಲಿ ಕುಳಿತರೂ ಹೂಪುಡಿಯ ಪುರಾಣ. ತುಪ್ಪಕ್ಕೆ ಅಂಟಿಕೊಂಡು ಬಂದ ಚೂರೆಂದು ಜನರೂ ನಂಬಿದರು. ರಕ್ತಕ್ಕೆ ಒಳ್ಳೆಯದು, ನಿದ್ದೆಗೆ ಒಳ್ಳೆಯದು. ತನ್ನ ಮಂಡಿ ನೋವೂ ಕಡಿಮೆಯಾಯಿತು ಎಂದ. “ನೀನೂ ತಿಂತೀಯೇನಪ್ಪ?” ಎಂದು ಮಗಳು ಕೇಳಿದರೆ, “ಇಲ್ಲ, ಅವಳು ತಿಂತಾಳಲ್ಲ,” ಎಂದ. ಅದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದ್ದರೂ ಅವನು ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ.

ಹಾನ್ ಮಾತ್ರ ಬಿಡಲಿಲ್ಲ. “ಚಿಕ್ಕಪ್ಪ, ಪರಾಗದಲ್ಲಿ ಪ್ರೋಟೀನ್ ಇದೆ, ವಿಟಮಿನ್ ಇದೆ, ಇಲ್ಲ ಅನ್ನಲ್ಲ. ಆದ್ರೆ ಒಂದು ಚಮಚದಲ್ಲಿ ಎಷ್ಟಿರುತ್ತೆ? ಅರ್ಧ ಮೊಟ್ಟೆಯಷ್ಟೂ ಇಲ್ಲ. ಎರಡು ಕೆಜಿ ಅದರಿಂದ ಬಂತು ಅಂದ್ರೆ ನಾನು ಹೆಂಗೆ ನಂಬಲಿ?”

“ನಿನ್ನ ಪುಸ್ತಕ ಬರೆದೋನು ಉ ಮಿನ್‌ಗೆ ಬಂದಿದ್ನಾ?”

“ಇಲ್ಲ.”

“ಮತ್ತೆ? ಅವನಿಗೇನು ಗೊತ್ತು!”

ಲಿಯೂ ಯಂತ್ರದಿಂದ ಇಳಿಯುತ್ತ ನಕ್ಕಳು. ಅವಳ ಕೆನ್ನೆಗೆ ಸ್ವಲ್ಪ ಬಣ್ಣ ಬಂದಿತ್ತು. ತಾಮ್ ಲುವಾ ಅದನ್ನು ನೋಡಿದ, ಅವನಿಗೆ ಎಷ್ಟು ಸಂತೋಷವಾಯಿತೆಂದರೆ ದಾರಿಯಲ್ಲಿ ಸಿಕ್ಕ ಪರಿಚಯವಿಲ್ಲದ ದೋಣಿಯವನಿಗೂ ಕೈ ಬೀಸಿದ.

ಇತ್ತ ಕಾಡಿನಲ್ಲಿ ಅವನ ಮೊದಲ ತೊಲೆ ಬರಿದಾಯಿತು. ಒಂದು ಬೆಳಿಗ್ಗೆ ಹೋಗಿ ನೋಡಿದರೆ ಬಿಳಿಚಿಕೊಂಡ ಖಾಲಿ ಎರಿ, ಕೆಳಗೆ ಇರುವೆ ಸಾಲು. ಅಲ್ಲಿ ನಿಂತು ಅವನು ಅತ್ತುಬಿಟ್ಟ. ಆಮೇಲೆ ಕಣ್ಣೊರೆಸಿಕೊಂಡು ಎರಡನೇ ತೊಲೆಗೆ ಹೋದ. ಅದೂ ಹೋಯಿತು. ಹೀಗೆ ಏಳರಲ್ಲಿ ನಾಲ್ಕು ಬರಿದಾದವು. ಮೂರು ಉಳಿದವು. ಮೂರು ಅಂದರೆ ಲಿಯೂಗೆ ಇನ್ನೊಂದು ತಿಂಗಳು ಎಂದು ಅವನು ಲೆಕ್ಕ ಹಾಕಿದ. ಅಷ್ಟರಲ್ಲಿ ಅವಳ ತೂಕ ನಲವತ್ತೆರಡಾದರೆ ಸಾಕು, ಆಮೇಲೆ ಕಾಡಿನಮ್ಮ ಏನು ಬೇಕಾದರೂ ಮಾಡಲಿ.

ಒಂದು ಮಧ್ಯಾಹ್ನ ಬಾ ತೀನ್ ಎರಡು ಕೊರವ ಮೀನು ಹಿಡಿದುಕೊಂಡು ಮನೆಗೆ ಬಂದ. ನಲವತ್ತೈದರ ಆಳು, ಬಾಯಿ ತೆರೆದರೆ ತಮಾಷೆ.

“ಅತ್ತೇ, ಮೀನು ತಂದೆ. ಮಾವ ಏನು, ಕೆಲಸ ಬಿಟ್ಟು ಹೊಸ ಮದುಮಗನ ಹಾಗೆ ಮನೇಲಿ ಕೂತಿದಾರೆ?”

“ಔಷಧಿ ಕೊಡ್ತಿದಾರಪ್ಪ,” ಎಂದಳು ಲಿಯೂ.

ಬಾ ತೀನ್ ಚಾಪೆಯ ಮೇಲಿದ್ದ ಬಾಳೆಲೆ ನೋಡಿದ. ಅಂಟಿಕೊಂಡು ಬಂದ ಚೂರು ಹರಿದು ಬರುತ್ತದೆ. ಇದು ಎರಡು ಕಡೆಯೂ ನುಣ್ಣಗೆ, ಸ್ವಲ್ಪ ಓರೆಯಾಗಿ ಕೊಯ್ದ ಪಟ್ಟಿ. ಆ ಓರೆ ಕೊಯ್ತ ಯಾರದೆಂದು ಅವನಿಗೆ ಹೇಳಿಕೊಡಬೇಕಾಗಿರಲಿಲ್ಲ, ಅದನ್ನು ಕಲಿತದ್ದೇ ಆ ಕೈಯಿಂದ. ತಾಮ್ ಲುವಾನ ಮುಖ ಕೆಂಪಗಾಯಿತು. ಬಾ ತೀನ್ ಮೀನನ್ನು ಒಲೆಯ ಪಕ್ಕ ಇಟ್ಟ. “ಚೆನ್ನಾಗಿ ತಿನ್ನಿ ಅತ್ತೆ,” ಎಂದಷ್ಟೇ ಹೇಳಿ ಹೊರಟುಹೋದ.

ಹುಣ್ಣಿಮೆಯ ಪೂಜೆಗೆ ತಂಡದವರೆಲ್ಲ ಗುಡಿಯಲ್ಲಿ ಸೇರಿದ್ದರು. ಬೇಯಿಸಿದ ಬಾತು, ಅಕ್ಕಿಯ ಸಾರಾಯಿ ಎಡೆಯಿಟ್ಟು ಕೈಮುಗಿದದ್ದಾಯಿತು. ಎಡೆ ತೆಗೆಯುವ ಮುಂಚೆಯೇ ಚಿನ್ ಲುಕ್ ಎದ್ದು ನಿಂತ. ತಂಡದಲ್ಲಿ ಅವನದೇ ದೊಡ್ಡ ಗಂಟಲು. ಬುಟ್ಟಿಯಿಂದ ನಾಲ್ಕು ಖಾಲಿ ಎರಿ ತೆಗೆದು ಚಾಪೆಯ ಮೇಲೆ ಒಂದೊಂದಾಗಿ ಹರಡಿದ.

“ನೋಡಿ! ಎಲ್ಲಾ ಯಜಮಾನ್ರ ತೊಲೆಯವು. ಯಾರೋ ಹೂಪುಡಿ ಕೊಯ್ದಿದಾರೆ. ಪಾಪ, ಇವರು ಮನೇಲಿ ಹೆಂಡತಿಗೆ ಹುಷಾರಿಲ್ಲ ಅಂತ ಮಧ್ಯಾಹ್ನಕ್ಕೇ ಮನೆಗೆ ಓಡ್ತಾರೆ, ಆ ಹೊತ್ತು ನೋಡ್ಕೊಂಡು ಯಾವನೋ ಕೈ ಹಾಕಿದಾನೆ. ಅನ್ನ ಹಾಕಿದ ಮನೆಗೇ!”

ಗುಡಿಯಲ್ಲಿ ಗುಲ್ಲೆದ್ದಿತು. ಯಾರೂ ಹೆಸರು ಹೇಳಲಿಲ್ಲ. ಹೇಳುವ ಅಗತ್ಯವಿರಲಿಲ್ಲ, ಹನ್ನೊಂದು ಮನೆಗಳಲ್ಲಿ ಹಿಂದೆ ಕತ್ತಿ ತೂಗಿದ್ದು ಒಬ್ಬನದೇ.

“ಏನೋ ಬಾ ತೀನ್, ಬಾಯಿ ಬಿಡಲ್ವಾ?” ಎಂದು ಚಿನ್ ಲುಕ್ ಕೇಳಿದ.

“ನಾನಲ್ಲ,” ಎಂದ ಬಾ ತೀನ್.

“ಮತ್ಯಾರು? ಜೇನೇ ಕತ್ತಿ ತಗೊಂಡು ಕೊಯ್ಕೊಳ್ತಾ? ಈ ಓರೆ ಕೊಯ್ತ ನಿನ್ನದಲ್ವಾ?”

“ನಾನಲ್ಲ ಅಂದೆ. ಯಾರು ಅಂತ ನಂಗೊತ್ತಿಲ್ಲ.”

ಅವನು ತಲೆ ತಗ್ಗಿಸಿ ಚಾಪೆಯ ಅಂಚು ಕೀಳುತ್ತಿದ್ದ. ಒಮ್ಮೆ, ಅಪ್ಪಿತಪ್ಪಿ ಒಂದೇ ಒಂದು ಸಲ ಕೂಡ, ತಾಮ್ ಲುವಾನ ಕಡೆ ನೋಡಲಿಲ್ಲ.

“ಎರಡನೇ ಸಲ,” ಎಂದ ಚಿನ್ ಲುಕ್. “ಅವನ ಪಾಲು ಹೋಗಬೇಕು. ಯಜಮಾನ್ರೇ, ತೀರ್ಪು ಹೇಳಿ.”

ಸುಮ್ಮನಿದ್ದರೆ ಮೂರು ತೊಲೆ ಉಳಿಯುತ್ತದೆ, ಒಂದು ತಿಂಗಳು ಉಳಿಯುತ್ತದೆ, ಲಿಯೂಳ ಕೆನ್ನೆಯ ಬಣ್ಣ ಉಳಿಯುತ್ತದೆ. ಬಾಯಿ ಬಿಟ್ಟರೆ ಒಂದು ವರ್ಷ ಕಾಡಿಲ್ಲ, ಹೂಪುಡಿಯಿಲ್ಲ. ಮುಳ್ಳು ಮತ್ತೆ ಮೂವತ್ತೇಳಕ್ಕೆ, ಮೂವತ್ತಾರಕ್ಕೆ ಇಳಿಯುತ್ತದೆ. ಆಮೇಲೆ ಆ ಕೊಳವೆ. ದೇವರ ಮುಂದೆ ನಿಂತು ಅವನು ಇಷ್ಟನ್ನೂ ಯೋಚಿಸಿದ, ಅದರಲ್ಲಿ ಮುಚ್ಚಿಡುವುದೇನೂ ಇಲ್ಲ. ಯಾರಿಗಾದರೂ ಹೆಂಡತಿ ಹೆಂಡತಿಯೇ. ಆದರೆ ಚಾಪೆಯ ಅಂಚು ಕೀಳುತ್ತ ಕುಳಿತ ಆ ದಡ್ಡನಿಗೂ ಒಂದು ಮನೆಯಿತ್ತು, ಮನೆಯಲ್ಲಿ ಮೂರು ಮಕ್ಕಳಿದ್ದವು.

ಅವನು ಸೊಂಟದ ಕತ್ತಿ ಬಿಚ್ಚಿ ಎರಿಗಳ ಪಕ್ಕದಲ್ಲಿಟ್ಟ.

“ಕೊಯ್ದವನು ನಾನು.”

ಮೊದಲು ಎಲ್ಲರೂ ನಕ್ಕರು. ಯಜಮಾನನಿಗೂ ಒಮ್ಮೊಮ್ಮೆ ತಮಾಷೆ ಮಾಡಲು ಬರುತ್ತದಲ್ಲ ಎಂದು ಯಾರೋ ಅಂದರು. ಅವನು ನಗದಿದ್ದಾಗ ಒಬ್ಬೊಬ್ಬರೇ ಸುಮ್ಮನಾದರು.

“ಅವಳಿಗೆ ಊಟ ಸೇರ್ತಿರ್ಲಿಲ್ಲ,” ಎಂದ ತಾಮ್ ಲುವಾ. “ಒಂದೇ ಸಲ ಅಂತ ಶುರು ಮಾಡಿದೆ. ತಿಂದ ಮೇಲೆ ತೂಕ ಏರ್ತು. ಬಿಡೋಕಾಗ್ಲಿಲ್ಲ.”

ಚಿನ್ ಲುಕ್‌ನ ದೊಡ್ಡ ಗಂಟಲು ಸಣ್ಣಗಾಯಿತು. “ಔಷಧಿಗೆ ಅಂದ್ರೆ... ಅದು ಬೇರೆ ಮಾತು ಯಜಮಾನ್ರೇ. ದೇವಿಗೆ ತಪ್ಪುಕಾಣಿಕೆ ಇಟ್ಟು ಮುಗಿಸೋಣ. ಏನಂತೀರಪ್ಪ ಎಲ್ಲಾ?”

“ಮುಗಿಸೋದೇನು?” ತಾಮ್ ಲುವಾ ಸಿಟ್ಟಿಗೆದ್ದ. “ಇವನ ಕತ್ತಿ ತೂಗಿದಾಗ ಇವನ ಮನೇಲಿ ಯಾರು ಹೆಂಗಿದಾರೆ ಅಂತ ನಾನು ಕೇಳಿದ್ನಾ? ಆಗ ಕೇಳದ ಮಾತು ಈಗ ನಂಗೆ ಯಾಕೆ? ಕೆಂಪು ಬಟ್ಟೆ ಕೊಡಿ.”

ಜಂತಿ ಎತ್ತರವಿತ್ತು. ಮೇಲೇರಿದಾಗ ಅಲುಗಾಡುತ್ತಿದ್ದ ಸ್ಟೂಲನ್ನು ಬಾ ತೀನ್ ಬಂದು ಎರಡೂ ಕೈಯಲ್ಲಿ ಹಿಡಿದುಕೊಂಡ. ಕತ್ತಿ ಕಟ್ಟಿ ಇಳಿಯುವಾಗ ಮೆಲ್ಲಗೆ ಹೇಳಿದ, “ಮಾವ, ಅತ್ತೆಗೆ ನಾನು ತಂದ್ಕೊಡ್ತೀನಿ. ನನ್ನ ತೊಲೆ ಇದೆಯಲ್ಲ.”

“ತಂದ್ರೆ ಕಾಲು ಮುರೀತೀನಿ, ನಾಯಿ ನನ್ಮಗನೆ,” ಎಂದ ತಾಮ್ ಲುವಾ. ಹೇಳಿ ಅವನ ಹೆಗಲನ್ನು ಗಟ್ಟಿಯಾಗಿ ಹಿಡಿದುಕೊಂಡ, ಬಹಳ ಹೊತ್ತು ಬಿಡಲಿಲ್ಲ.

ಮನೆಯ ಮೆಟ್ಟಿಲು ಹತ್ತುವಾಗಲೇ ಲಿಯೂ ಅವನ ಸೊಂಟ ನೋಡಿದಳು. ಕತ್ತಿಯ ಜಾಗ ಖಾಲಿಯಿತ್ತು. ಜೇನಿನವನ ಹೆಂಡತಿಗೆ ಅದಕ್ಕಿಂತ ಹೆಚ್ಚು ಹೇಳಬೇಕಾಗಿಲ್ಲ.

“ಅಂಟಿಕೊಂಡು ಬಂದ ಚೂರು ಅಂದ್ರಲ್ಲ,” ಎಂದಳು.

“ಸುಳ್ಳು ಹೇಳಿದೆ.”

ಅವಳು ಆ ಸಂಜೆ ಒಲೆಯ ಮುಂದೆ ಕುಳಿತು ಅತ್ತಳು. ಅವನು ಪಕ್ಕದಲ್ಲಿ ಕುಳಿತು ಅವಳ ಬೆನ್ನು ಸವರಿದ. ಇನ್ನು ಹೂಪುಡಿ ಎಲ್ಲಿಂದ ತರಲಿ ಎಂದು ಅವನು ಯೋಚಿಸುತ್ತಿದ್ದ.

ಮರುದಿನ ಮಧ್ಯಾಹ್ನ ಚಾಪೆಯ ಮೇಲೆ ಬಾಳೆಲೆಯಿರಲಿಲ್ಲ. ಗಂಜಿ, ಮೀನು, ಉಪ್ಪಿನಕಾಯಿ, ಅಷ್ಟೇ. ಲಿಯೂ ಒಂದು ಬಟ್ಟಲು ಉಂಡಳು. ಹೊಟ್ಟೆಯಲ್ಲಿ ನಿನ್ನೆಯ ಹೂಪುಡಿ ಇನ್ನೂ ಕೆಲಸ ಮಾಡುತ್ತಿದೆ ಎಂದುಕೊಂಡ ತಾಮ್ ಲುವಾ. ಅದರ ಮರುದಿನವೂ ಉಂಡಳು. ಮೊನ್ನೆಯದು ಎಂದುಕೊಂಡ. ಹೋಗಲು ಕಾಡಿಲ್ಲದೆ ಅವನು ಬೆಳಿಗ್ಗೆಯೆಲ್ಲ ಅವಳ ಕಾಲಿಗೆ ಅಡ್ಡಬರುತ್ತ ಮನೆಯಲ್ಲೇ ಇದ್ದ. ಸೋರುವ ಮಾಡಿಗೆ ಗರಿ ಹೊದೆಸಿದ, ಬಾತಿನ ಗೂಡು ಸರಿಮಾಡಿದ, ತರಕಾರಿ ಹೆಚ್ಚಿಕೊಡಲು ಹೋಗಿ ಬೈಸಿಕೊಂಡ. ಹನ್ನೊಂದು ದಿನ ಕಳೆಯಿತು. ಹೂಪುಡಿಯ ಬಲ ಹನ್ನೊಂದು ದಿನಕ್ಕಿಂತ ಹೆಚ್ಚು ನಿಲ್ಲಲಾರದು ಎಂದು ಅವನಿಗೆ ದಿಗಿಲು ಹತ್ತಿತು.

ಭಾನುವಾರ ಯಂತ್ರದ ಮುಳ್ಳು ನಲವತ್ತನ್ನು ದಾಟಿತು. ಹಾನ್ ಎರಡು ಸಲ ನೋಡಿ ಬರೆದುಕೊಂಡಳು.

ಮನೆಗೆ ಬಂದು ಊಟಕ್ಕೆ ಕುಳಿತಾಗ ಅವನು ತಡೆಯಲಾರದೆ ಹೇಳಿದ, “ಇವಳೇ, ಈಗೇನೋ ಏರಿದೆ. ಆದ್ರೆ ರಕ್ತದಲ್ಲಿರೋದು ಇವತ್ತಲ್ಲ ನಾಳೆ ಮುಗಿಯುತ್ತೆ. ಪೇಟೆಯಿಂದ ಆ ಡಬ್ಬೀನೇ ಇನ್ನೊಂದು ತರಿಸ್ತೀನಿ. ಮೂಗು ಮುಚ್ಕೊಂಡು ತಿನ್ನು.”

“ತಂದ್ರೆ ಕಾಲುವೆಗೆ ಎಸೀತೀನಿ.”

“ಕಾಡಿನದು ತಿಂದ್ಯಲ್ಲ?”

“ಅದೂ ಕಹೀನೇ. ಒಂದು ದಿನಾನೂ ಸೇರಲಿಲ್ಲ.”

“ಸೇರದಿದ್ರೆ ಒಂದೂವರೆ ತಿಂಗಳು ಯಾಕೆ ತಿಂದೆ?”

ಲಿಯೂ ಗಂಜಿಯ ಬಟ್ಟಲು ಕೆಳಗಿಟ್ಟಳು. “ಅದು ಮುಗಿಯೋ ತನಕ ನೀವು ಏಳ್ತಿರ್ಲಿಲ್ವಲ್ಲ,” ಎಂದಳು. “ಜ್ವರ ಬಿಟ್ಟ ಮೇಲೆ ಒಬ್ಬಳೇ ಬಟ್ಟಲು ಮುಂದೆ ಇಟ್ಕೊಂಡು ಕೂತ್ರೆ ಗಂಟಲಲ್ಲಿ ಇಳೀತಾನೇ ಇರ್ಲಿಲ್ಲ. ನೀವು ಎದುರಿಗಿದ್ರೆ ಇಳಿಯುತ್ತೆ. ಏನ್ ಮಾಡ್ಲಿ?”

ತಾಮ್ ಲುವಾನಿಗೆ ಸಿಟ್ಟು ನೆತ್ತಿಗೇರಿತು. “ನಾಲ್ಕು ತೊಲೆ ಕಣೇ! ಐವತ್ತು ವರ್ಷದ ನನ್ನ ಕತ್ತಿ ಹೋಗಿ ಜಂತೀಲಿ ನೇತಾಡ್ತಿದೆ! ಮೊದಲೇ ಒಂದು ಮಾತು ಹೇಳಿದ್ರೆ ನಿನ್ನ ಗಂಟು ಹೋಗ್ತಿತ್ತಾ?”

“ಮದುವೆ ಆದಾಗಿಂದ ಹೇಳ್ತಾನೇ ಇದೀನಿ, ಉಣ್ಣೋ ಹೊತ್ತಿಗೆ ಮನೆಗೆ ಬನ್ನಿ ಅಂತ,” ಎಂದಳು ಲಿಯೂ. “ನಿಮಗೆ ಕೇಳಿಸಿದ್ದು ಈ ವರ್ಷ.”

ಹೊರಗೆ ಯಾರದೋ ದೋಣಿ ಹೋಯಿತು. ತಾಮ್ ಲುವಾ ಹೆಂಡತಿಯ ಮುಖ ನೋಡಿದ, ಅವಳು ಕೆಳಗಿಟ್ಟ ಬಟ್ಟಲಿಗೆ ಇನ್ನೊಂದು ಸೌಟು ಗಂಜಿ ಹಾಕಿದ. ಆಮೇಲೆ ಕೇಳಿದ, “ನಾಳೆ ಮಧ್ಯಾಹ್ನ ಊಟಕ್ಕೆ ಏನ್ ಮಾಡ್ತೀಯ?”